ಹೊಲಿಗೆ ಮೆಷಿನ್ ಬೇಡ, ಕೋಣೆಯ ಬಾಡಿಗೆ ಕೊಡಿಸು

ಗೆಳೆಯಾ,

ನಿಮ್ಮ ಕಂಪನಿಯ ಸಿಎಸ್‌ಆರ್ (ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡುವ) ಸಮಿತಿಗೆ ನಿನ್ನನ್ನು ಸೇರಿಸಿದ್ದಾರೆ, ಈ ಸಲದ ಹಣ ಹೆಣ್ಣುಮಕ್ಕಳ ಕೆಲಸಕ್ಕೆ ಹೋಗಬೇಕಂತೆ, ಯಾರಿಗೆ ಕೊಡೋದು ಅಂತ ಕೇಳಿದೆಯಲ್ಲ. ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಇದೇ ಪ್ರಶ್ನೆ ಇನ್ನೂ ಕೆಲವರಿಗೆ ಇರಬಹುದು ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಬೆಂಗಳೂರಿನ ಬೊಮ್ಮನಹಳ್ಳಿಯಲ್ಲಿ ನಮ್ಮ ಸಂಘ ಕೆಲಸ ಮಾಡುವುದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೆಂಗಸರ ಜೊತೆ. ಕೆಲವು ವರ್ಷಗಳ ಹಿಂದೆ ಒಂದು ಕಂಪನಿಯವರು ಬಂದು 20 ಹೊಲಿಗೆ ಮೆಷಿನ್ ಕೊಡುತ್ತೇವೆ ಅಂದರು. ವಾರಕ್ಕೆ ಆರು ದಿನ, ಬೆಳಗ್ಗೆಯಿಂದ ಸಂಜೆವರೆಗೆ ಮೆಷಿನ್ ಮುಂದೆ ಕೂತು ಬೆನ್ನು ಸೋತವರಿಗೆ ಮತ್ತೆ ಮೆಷಿನ್. ನಾವು ಕೇಳಿದ್ದು ಭಾನುವಾರ ಸೇರಲು ಒಂದು ಕೋಣೆಯ ಬಾಡಿಗೆ, ಫ್ಯಾಕ್ಟರಿಯ ಹೊಲಿಗೆ ಲೈನ್‌ನಲ್ಲೇ ಕೆಲಸ ಮಾಡಿ ಬಂದ ಒಬ್ಬ ಕಾರ್ಯಕರ್ತೆಗೆ ಸಂಬಳ. ಅದಕ್ಕೆಲ್ಲ ಬಜೆಟ್ ಇಲ್ಲ ಅಂದರು. ಮೆಷಿನ್ ತಗೊಂಡೆವು, ಬ್ಯಾನರ್ ಹಿಡಿದು ಫೋಟೋಗೆ ನಿಂತೆವು. ಆ ದಿನ ನೆನೆದರೆ ಈಗಲೂ ಬೇಸರವಾಗುತ್ತದೆ.

ಕೋಣೆ ಸಿಕ್ಕಿದ್ದು ಆಮೇಲೆ, ಒಂದು ಸಣ್ಣ ಟ್ರಸ್ಟ್ 3 ವರ್ಷದ ಗ್ರಾಂಟ್ ಕೊಟ್ಟಾಗ. ಮೊದಲ ವರ್ಷ ಏನೂ ಆಗಲಿಲ್ಲ. ನಾಲ್ಕೈದು ಜನ ಬರುತ್ತಿದ್ದರು, ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮನೆ ವಿಷಯ ಮಾತಾಡುತ್ತಿದ್ದರು, ಟೀ ಕುಡಿದು ಹೋಗುತ್ತಿದ್ದರು. ಎರಡನೇ ವರ್ಷ ಒಬ್ಬಳು ಬಾಯಿಬಿಟ್ಟಳು, ಸೂಪರ್‌ವೈಸರ್ ಏನೇನು ಅನ್ನುತ್ತಾನೆ, ಹೇಗೆ ಮೈ ಮುಟ್ಟುತ್ತಾನೆ ಅಂತ. ಅವತ್ತು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯನ್ನು ಓದಿ ಹೇಳಿದೆವು: 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅವರ ಫ್ಯಾಕ್ಟರಿಯ ಗೋಡೆ ಮೇಲೆ ಸಮಿತಿಯ ಪಟ್ಟಿ ಇತ್ತು. ಅದರಲ್ಲಿ ಹೆಸರಿದ್ದ ಹೆಂಗಸು ನಮ್ಮ ಚಾಪೆ ಮೇಲೇ ಕೂತಿದ್ದಳು, ತಾನು ಸದಸ್ಯೆ ಅನ್ನುವುದು ಅವಳಿಗೇ ಗೊತ್ತಿರಲಿಲ್ಲ! ದೂರು ಬರೆದು ಕೊಟ್ಟಿದ್ದು ಮೂರನೇ ವರ್ಷ. ಇಷ್ಟನ್ನೂ ಒಂದು ವರ್ಷದ ರಿಪೋರ್ಟಿನಲ್ಲಿ ‘ಫಲಾನುಭವಿಗಳ ಸಂಖ್ಯೆ’ ಅನ್ನುವ ಕಾಲಂನಲ್ಲಿ ಹೇಗೆ ಬರೆಯಲಿ ಹೇಳು?

ದುಡ್ಡಿದ್ದರೆ ಎಲ್ಲ ಬದಲಾಗುತ್ತದೆ ಅಂತ ನಾನು ಹೇಳುತ್ತಿಲ್ಲ. 2016ರ ಏಪ್ರಿಲ್ ನೆನಪಿದೆ ಅಲ್ವಾ? ಪಿಎಫ್‌ನಲ್ಲಿ ಮಾಲೀಕರ ಪಾಲು ತೆಗೆಯಲು 58 ವರ್ಷ ತುಂಬುವವರೆಗೆ ಕಾಯಬೇಕು ಅಂತ ನಿಯಮ ಬಂದಾಗ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೀದಿಗೆ ಇಳಿದರು, ಹೊಸೂರು ರಸ್ತೆಯಲ್ಲಿ ನಾವಿಬ್ಬರೂ ಬಸ್ಸಿನಲ್ಲಿ ಸಿಕ್ಕಿಹಾಕಿಕೊಂಡಿದ್ದೆವು, ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಅವರನ್ನು ಯಾವ ಗ್ರಾಂಟೂ ಬೀದಿಗೆ ಇಳಿಸಿದ್ದಲ್ಲ. ಆದರೆ ಮುಂದಿನ ವಾರ ಅದೇ ಲೈನ್‌ನಲ್ಲಿ ಬೈಸಿಕೊಂಡಾಗ ಹೇಳಿಕೊಳ್ಳಲು ಒಂದು ಜಾಗ, ಲೇಬರ್ ಆಫೀಸಿಗೆ ಜೊತೆಯಲ್ಲಿ ಬರುವವಳೊಬ್ಬಳು ಬೇಕಲ್ಲ. ಹಣ ಬೇಕಾಗುವುದು ಅಲ್ಲಿ.

ಈ ಹಣವೇ ಸಣ್ಣ ಸಂಘಗಳಿಗೆ ಸಿಗುತ್ತಿಲ್ಲ. 2020ರಲ್ಲಿ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಆದ ಮೇಲೆ, ವಿದೇಶದಿಂದ ಹಣ ಪಡೆದ ದೊಡ್ಡ ಸಂಸ್ಥೆ ಅದನ್ನು ಸಣ್ಣ ಸಂಘಕ್ಕೆ ಹಂಚುವಂತಿಲ್ಲ. ಆ ಹಣದಲ್ಲಿ ಆಡಳಿತ ಖರ್ಚಿನ ಮಿತಿಯೂ 50ರಿಂದ 20 ಪರ್ಸೆಂಟಿಗೆ ಇಳಿಯಿತು. ಹೀಗಾಗಿ ನಿಮ್ಮಂಥ ಕಂಪನಿಗಳು ಲಾಭದಲ್ಲಿ ತೆಗೆದಿಡುವ 2 ಪರ್ಸೆಂಟಿಗೆ ಈಗ ಬೆಲೆ ಜಾಸ್ತಿ. ಕಾನೂನಿನಲ್ಲಿ ಒಂದೇ ವರ್ಷಕ್ಕೆ ಕೊಡಬೇಕು ಅಂತ ನಿಮ್ಮವರು ಯಾರಾದರೂ ಅಂದರೆ ಸುಮ್ನೆ ಒಪ್ಪಿಕೊಳ್ಳಬೇಡ. ‘ಆನ್‌ಗೋಯಿಂಗ್ ಪ್ರಾಜೆಕ್ಟ್’ ಅಂತ ಮಂಜೂರು ಮಾಡಿದರೆ ಶುರುವಾದ ವರ್ಷ ಬಿಟ್ಟು ಇನ್ನೂ 3 ವರ್ಷ ನಡೆಸಬಹುದು. ಮಾರ್ಚ್ ಕೊನೇ ವಾರ ಗಡಿಬಿಡಿಯಲ್ಲಿ ಚೆಕ್ ಬರೆಯಬೇಡಿ, ಈಗಲೇ ಸಮಿತಿಯ ಮುಂದೆ ಈ ಮಾತು ಇಡು.

ಅದಕ್ಕೂ ಮುಂಚೆ ಒಂದು ಭಾನುವಾರ ಮಧ್ಯಾಹ್ನ ಇಲ್ಲಿಗೆ ಬಾ. ಕಂಪನಿಯ ಟೀ ಶರ್ಟ್, ಕ್ಯಾಮೆರಾ ಬೇಡ. ಏನು ಬೇಕು ಅಂತ ಅವರನ್ನೇ ಕೇಳು, ಒಂದು ಗಂಟೆ ಕೂತು ಕೇಳಿಸಿಕೋ. ಸಿಗ್ನಲ್ ಹತ್ತಿರ ಇಳಿದು ಫೋನ್ ಮಾಡು, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ನಿನ್ನ ಗೆಳತಿ