ಪೋರ್ಟ್ ತೊಳೆಯಲು ಊರಿನ ಸಿಸ್ಟರ್‌ಗಳಿಗೂ ಕಲಿಸಿ

ಮಾನ್ಯ ಸಂಪಾದಕರೇ,

ಹೆಬ್ರಿಯಲ್ಲಿ ಮೂವತ್ತು ವರ್ಷಗಳಿಂದ ಪಂಪ್‌ಸೆಟ್ ರಿಪೇರಿ ಮಾಡುವವನು ನಾನು. ಆಸ್ಪತ್ರೆಯ ವಿಷಯ ಬರೆಯುವ ಓದು ನನ್ನದಲ್ಲ. ಆದರೂ ಕಳೆದ ಆಟಿ ತಿಂಗಳ ಮಳೆಯಲ್ಲಿ ಕಂಡದ್ದನ್ನು ಹೇಳಲೇಬೇಕಾಗಿದೆ.

ನನ್ನ ಹೆಂಡತಿಗೆ ಎಡ ಸ್ತನದ ಕ್ಯಾನ್ಸರ್. ಮಗಳ ಮನೆ ಮಂಗಳೂರಿನಲ್ಲಿರುವುದರಿಂದ ಕೀಮೋ ಅಲ್ಲಿಯೇ ಆಯಿತು. ಕೈಯ ನರ ಸಿಗದಾದಾಗ ಎದೆಯ ಬಲ ಮೇಲ್ಭಾಗದಲ್ಲಿ, ಚರ್ಮದೊಳಗೆ, ಕೀಮೋ ಹನಿಸಲು ಪೋರ್ಟ್ ಕೂರಿಸಿದರು. ಹಳೆಯ ಒಂದು ರೂಪಾಯಿ ನಾಣ್ಯದಷ್ಟು ಅಗಲದ ಡಬ್ಬಿ. ಅದರಿಂದ ಹೊರಟ ಸಪೂರ ಕೊಳವೆ ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ಹೋಗುತ್ತದೆ. ಕೀಮೋ ಮುಗಿದ ಮೇಲೂ ಅದು ಕಟ್ಟಿಕೊಳ್ಳದಂತೆ ನಾಲ್ಕು ವಾರಕ್ಕೊಮ್ಮೆ ಸಲೈನ್ ಹಾಯಿಸಿ ತೊಳೆಯಿಸಬೇಕೆಂದು ವೈದ್ಯರು ಹೇಳಿದ್ದರು.

ಹಾಗೆ ತೊಳೆಯಿಸಬೇಕಾಗಿದ್ದ ಒಂದು ದಿನ ಜಡಿಮಳೆ, ಮಂಗಳೂರಿನ ದಾರಿಗೆ ಮರ ಬಿದ್ದಿತ್ತು. ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದೆವು. ಸಿಸ್ಟರ್ ಉಬ್ಬನ್ನು ಮುಟ್ಟಿ ನೋಡಿ, ಮಾಮೂಲಿ ಸೂಜಿಯನ್ನೂ 2 ಎಂ.ಎಲ್. ಸಿರಿಂಜನ್ನೂ ತಂದರು. ಹೆಂಡತಿ ಅವರ ಕೈ ಹಿಡಿದು ನಿಲ್ಲಿಸಿದಳು.

ಪೋರ್ಟಿನ ಬಾಯಿಗೆ ಸಿಲಿಕೋನ್ ಮುಚ್ಚಳವಿದೆ. ಪೋರ್ಟಿಗೆಂದೇ ಇರುವ ಹ್ಯೂಬರ್ ಸೂಜಿ ಅದನ್ನು ಸೀಳಿಕೊಂಡು ಒಳಹೋಗುತ್ತದೆ, ತೆಗೆದಾಗ ಸೀಳು ಕೂಡಿಕೊಳ್ಳುತ್ತದೆ. ಮಾಮೂಲಿ ಸೂಜಿ ಮುಚ್ಚಳದ ಚೂರನ್ನೇ ಕೊರೆದುಬಿಡಬಹುದು, ಆಮೇಲೆ ಸೋರಿಕೆ. ಸಿರಿಂಜಿನ ವಿಷಯವಂತೂ ನನ್ನ ಕಸುಬಿನದೇ. ಪಿಸ್ಟನ್ ಸಣ್ಣದಾದಷ್ಟೂ ಅದೇ ಕೈಬಲಕ್ಕೆ ಒತ್ತಡ ಹೆಚ್ಚು. ಕಟ್ಟಿಕೊಂಡ ಪೈಪಿಗೆ ಹಾಗೆ ಒತ್ತಿದರೆ ಪೈಪೇ ಒಡೆಯುತ್ತದೆ. ಇಲ್ಲಿ ಪೈಪು ಎದೆಯೊಳಗಿದೆ! 10 ಎಂ.ಎಲ್.ಗಿಂತ ಸಣ್ಣ ಸಿರಿಂಜ್ ಬೇಡ ಎನ್ನುವುದು ಅದಕ್ಕೇ. ಮಂಗಳೂರಿನ ಸಿಸ್ಟರ್ ಮಾಸ್ಕ್, ಗ್ಲೌಸ್ ಹಾಕಿ, ಚರ್ಮಕ್ಕೆ ಹಚ್ಚಿದ ಔಷಧ ಒಣಗುವ ತನಕ ಕಾದು, ಸೂಜಿ ಹಾಕಿದ ಮೇಲೆ ಮೊದಲು ರಕ್ತ ಹಿಂದಕ್ಕೆ ಬರುತ್ತದೆಯೇ ಎಂದು ನೋಡುತ್ತಿದ್ದರು. ಬಾರದಿದ್ದರೆ ಕೀಮೋ ಹನಿಸುತ್ತಿರಲಿಲ್ಲ. ಕೀಮೋದ ಆ ಕೆಂಪು ಔಷಧ ನಾಳದ ಹೊರಗೆ ಸೋರಿದರೆ ಮಾಂಸ ಕೊಳೆಯಬಹುದು. ಸಲೈನನ್ನು ಒಂದೇ ಸಮ ತಳ್ಳದೆ ತಡೆತಡೆದು ತಳ್ಳುತ್ತಿದ್ದರು.

ನಮ್ಮ ಊರಿನ ಸಿಸ್ಟರನ್ನು ನಾನು ದೂರುವುದಿಲ್ಲ. "ಪುಸ್ತಕದಲ್ಲಿ ಚಿತ್ರ ನೋಡಿದ್ದೇನೆ, ಕೈಯಲ್ಲಿ ಮಾಡಿಲ್ಲ" ಎಂದು ಒಪ್ಪಿಕೊಂಡರು. ಗೊತ್ತಿಲ್ಲವೆಂದು ಒಪ್ಪದೆ ಮೋಟಾರು ಸುಟ್ಟ ಮೆಕ್ಯಾನಿಕರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಮಂಗಳೂರು, ಉಡುಪಿಯಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ಇಲ್ಲಿ ಕಲಿತವರು ಗಲ್ಫ್‌ನ ಆಸ್ಪತ್ರೆಗಳನ್ನೂ ನಡೆಸುತ್ತಾರೆ. ಪೋರ್ಟ್ ಹಾಕುವ ದೊಡ್ಡ ಆಸ್ಪತ್ರೆಗಳು ಪ್ರತಿ ತಾಲ್ಲೂಕಿನಿಂದ ಇಬ್ಬರು ಸಿಸ್ಟರ್‌ಗಳನ್ನಾದರೂ ಕರೆಸಿ, ಬೊಂಬೆಯ ಮೇಲೆ ಕೈ ಪಳಗಿಸಿ ಕಳುಹಿಸಬಾರದೇ? ಯಾವ ಪೋರ್ಟ್, ಯಾವ ಅಳತೆಯ ಸೂಜಿ, ರಕ್ತ ಹೆಪ್ಪುಗಟ್ಟದಂತೆ ಹಾಕುವ ಹೆಪಾರಿನ್ ಎಷ್ಟು ಎಂಬುದನ್ನು ಒಂದು ಹಾಳೆಯಲ್ಲಿ, ಕನ್ನಡದಲ್ಲಿಯೂ, ಬರೆದು ಕೊಡಲಿ. ನಮಗೆ ಸಿಕ್ಕಿದ್ದು ಫೈಲಿನ ತಳದಲ್ಲಿದ್ದ ಇಂಗ್ಲಿಷ್ ಕಾರ್ಡು.

ಅಂದು ಪೋರ್ಟ್ ತೊಳೆಯದೆಯೇ ಮನೆಗೆ ಬಂದೆವು. ಎರಡು ದಿನ ಬಿಟ್ಟು ಮಂಗಳೂರಿಗೆ ಹೋದಾಗ ಹ್ಯೂಬರ್ ಸೂಜಿ ಎರಡು ಕೊಂಡು ತಂದೆ. ಅವು ಇನ್ನೂ ಕಪಾಟಿನಲ್ಲಿವೆ. ಮುಂದಿನ ಸಲವೂ ಕಾರ್ಕಳದ ಮೇಲೆ ಬಸ್ಸಿನಲ್ಲಿ ಮಂಗಳೂರಿಗೇ ಹೋಗಬೇಕು.

– ಪಂಪ್‌ಸೆಟ್ ರಿಪೇರಿಗಾರ, ಹೆಬ್ರಿ