ಅರ್ಧ ಗಂಟೆ ವಾಕಿಂಗ್ ಸರಿ, ಉಳಿದ ಹೊತ್ತು?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಬೆಳಿಗ್ಗೆ ಅರ್ಧ ಗಂಟೆ ವಾಕಿಂಗ್ ಮಾಡಿದರೆ ಬಿಪಿ, ಶುಗರ್ ಹತ್ತಿರ ಸುಳಿಯುವುದಿಲ್ಲ ಎನ್ನುವ ಹಾಗಿತ್ತು. ವಾಕಿಂಗ್ ಬೇಡ ಅಂತ ಯಾರು ಹೇಳುತ್ತಾರೆ? ಆದರೆ ಉಳಿದ ಹೊತ್ತೆಲ್ಲ ಎಲ್ಲಿ ಕೂತಿರುತ್ತೀರಿ ಅಂತ ಆ ಲೇಖನ ಕೇಳಲೇ ಇಲ್ಲ. ನಾನು ಕೇಳುತ್ತೇನೆ. ನಾನು ಬಸ್ ಕಂಡಕ್ಟರ್ ಆಗಿದ್ದವನು.

ಬಾಗಲಕೋಟೆ–ಇಳಕಲ್ ರೂಟಿನಲ್ಲಿ ಬಹಳ ವರ್ಷ ಒಬ್ಬರೇ ಡ್ರೈವರ್ ಜೊತೆ ಡ್ಯೂಟಿ ಮಾಡಿದೆ. ಇಬ್ಬರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಅದೇ ಕ್ಯಾಂಟೀನಿನ ಚಹಾ, ಅದೇ ರೊಟ್ಟಿ-ಪಲ್ಲೆಯ ಬುತ್ತಿ. ನಾನು ಹಿಂದಿನ ಬಾಗಿಲಿಂದ ಮುಂದಿನ ಸೀಟಿನವರೆಗೆ ಓಡಾಡಬೇಕು, ಅಮೀನಗಡದಲ್ಲಿ ಟಾಪ್ ಹತ್ತಿ ಗಂಟು-ಮೂಟೆ ಇಳಿಸಬೇಕು, ಮತ್ತೆ ರೈಟ್ ಹೇಳಬೇಕು. ಬನಶಂಕರಿ ಜಾತ್ರೆ ಬಂದರೆ ಬಾದಾಮಿ ಕಡೆ ಡ್ಯೂಟಿ. ಆಗಂತೂ ಕಾಲಿಡಲು ಜಾಗ ಇರುತ್ತಿರಲಿಲ್ಲ. ಒಂದು ಟಿಕೆಟ್ ಹರಿದು ಕೊಡುವಷ್ಟರಲ್ಲಿ ಮೈಯೆಲ್ಲ ಬೆವರು.

ಡ್ರೈವರದು ಸೀಟು ಬಿಟ್ಟು ಏಳುವ ಕೆಲಸವಲ್ಲ. ಪಕ್ಕದಲ್ಲಿ ಎಂಜಿನ್ ಕಾವು, ಬೆನ್ನಿಗೆ ಮಡಚಿಟ್ಟ ಟವೆಲ್. ಇಳಕಲ್ ಸ್ಟ್ಯಾಂಡಿನಲ್ಲಿ ಇಳಿಯುವಾಗ ಅವರ ಪಾದ ಬಾತಿರುತ್ತಿತ್ತು. ಚಪ್ಪಲಿ ಕಳಚಿದರೆ ಪಟ್ಟಿಯ ಗುರುತು ಚರ್ಮದಲ್ಲಿ ಹಾಗೇ ಮೂಡಿರುತ್ತಿತ್ತು. ರಿಟೈರ್ ಆಗುವ ಮೊದಲೇ ಅವರಿಗೆ ಶುಗರ್ ಬಂತು, ಆಮೇಲೆ ಹಾರ್ಟಿಗೆ ಸ್ಟೆಂಟ್ ಹಾಕಿಸಬೇಕಾಯಿತು. ಒಬ್ಬರ ಕಥೆಯಿಂದ ಏನು ಸಾಬೀತಾಗುತ್ತದೆ ಅಂತ ಕೇಳಬಹುದು, ಅದೂ ಸರಿ. ಆದರೆ ಲಂಡನ್ನಿನಲ್ಲಿ ಇದನ್ನೇ ಸಾವಿರಾರು ಜನರ ಮೇಲೆ ಲೆಕ್ಕ ಹಾಕಿ ನೋಡಿದವರಿದ್ದಾರೆ.

ನರ್ಸಿಂಗ್ ಓದಿದ ಮಗಳು ನನಗೆ ಇದನ್ನು ಹೇಳಿದ್ದು. ಜೆರ್ರಿ ಮಾರಿಸ್ ಅಂತ ಒಬ್ಬ ಡಾಕ್ಟರ್. ಅಲ್ಲಿನ ಡಬಲ್ ಡೆಕರ್ ಬಸ್ಸುಗಳ ಡ್ರೈವರ್ ಮತ್ತು ಕಂಡಕ್ಟರ್‌ಗಳನ್ನು ಹೋಲಿಸಿ 1953ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು. ಪೋಸ್ಟ್‌ಮ್ಯಾನ್‌ಗೂ ಕೂತು ಕೆಲಸ ಮಾಡುವ ಅಂಚೆ ಗುಮಾಸ್ತನಿಗೂ ಇದೇ ವ್ಯತ್ಯಾಸ. ದಪ್ಪಗಿದ್ದವರೇ ಡ್ರೈವರ್ ಆಗಿರಬಹುದಲ್ವಾ ಅಂತ ಅನುಮಾನ ಬರುತ್ತದೆ. ಮಾರಿಸ್ ಅದನ್ನೂ ಬಿಡಲಿಲ್ಲ. ಯೂನಿಫಾರ್ಮ್ ಪ್ಯಾಂಟಿನ ಸೊಂಟದ ಅಳತೆಗಳನ್ನೇ ತರಿಸಿ ನೋಡಿದರು! ಡ್ರೈವರ್‌ಗಳ ಸೊಂಟ ದಪ್ಪ ಇದ್ದದ್ದು ನಿಜ. ಆದರೆ ತೆಳ್ಳಗಿರಲಿ ಡೊಳ್ಳಿರಲಿ, ಕಂಡಕ್ಟರ್‌ಗಳಿಗೆ ಹಾರ್ಟ್ ಅಟ್ಯಾಕ್ ಕಡಿಮೆಯೇ. ಇದನ್ನು ಕೇಳಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ತೊಡೆ, ಕುಂಡೆಯ ಸ್ನಾಯುಗಳೇ ಮೈಯಲ್ಲಿ ದೊಡ್ಡವು. ಅವು ಆಡುತ್ತಿದ್ದರೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಕೂತಲ್ಲೇ ಕೂತರೆ ಊಟದ ಸಕ್ಕರೆ ರಕ್ತದಲ್ಲೇ ಜಾಸ್ತಿ ಹೊತ್ತು ಉಳಿಯುತ್ತದೆ. 20 ನಿಮಿಷಕ್ಕೊಮ್ಮೆ ಎದ್ದು 2 ನಿಮಿಷ ನಿಧಾನವಾಗಿ ನಡೆದರೂ ಊಟದ ನಂತರದ ಶುಗರ್ ಕಡಿಮೆ ಏರುತ್ತದೆ ಅಂತ ಆಸ್ಟ್ರೇಲಿಯಾದವರು 2012ರಲ್ಲಿ ತೋರಿಸಿದರು. ಇನ್ನು 2016ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಲ್ಯಾನ್ಸೆಟ್‌ನಲ್ಲಿ ಬಂತು. ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೂರುವವರು ಅದರಿಂದ ಬರುವ ಅಪಾಯ ಸರಿದೂಗಿಸಬೇಕೆಂದರೆ ದಿನಾ 60ರಿಂದ 75 ನಿಮಿಷ ಚುರುಕಾಗಿ ನಡೆಯುವಷ್ಟಾದರೂ ಮೈ ದಣಿಸಬೇಕಂತೆ. ನಿಮ್ಮ ಲೇಖನದ ಅರ್ಧ ಗಂಟೆಯ ದುಪ್ಪಟ್ಟಾಯಿತು.

ಅಷ್ಟು ನಡೆಯುವವರು ನಮ್ಮ ನವನಗರದಲ್ಲಿ ಎಷ್ಟು ಜನ ಇದ್ದಾರೆ? ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಬಿಟ್ಟು ಸೆಕ್ಟರ್‌ಗಳಿಗೆ ಬಂದ ಮೇಲೆ ಹಾಲಿಗೂ ಬೈಕು, ಕೊತ್ತಂಬರಿಗೂ ಬೈಕು. ವಾಕಿಂಗಿಗೆ ಬೈಕ್ ಮೇಲೆ ಹೋಗುವವರನ್ನೂ ದಿನಾ ನೋಡುತ್ತೇನೆ.

ಜನರನ್ನಷ್ಟೇ ಬೈದು ಪ್ರಯೋಜನವಿಲ್ಲ. ನನ್ನ ಮಗ ಒಂದು ಫೈನಾನ್ಸ್ ಆಫೀಸಿನಲ್ಲಿದ್ದಾನೆ, ಹೆಸರು ಬೇಡ. ಚಹಾ ಟೇಬಲ್ಲಿಗೇ ಬರುತ್ತದೆ. ನೀರಿನ ಬಾಟಲಿ, ಪ್ರಿಂಟರ್ ಎರಡೂ ಕೈಗೆ ಎಟುಕುತ್ತವೆ. ಸುಮ್ನೆ ಎದ್ದು ವರಾಂಡದವರೆಗೆ ಹೋದರೂ ಮ್ಯಾನೇಜರ್, "ಯಾಕ್ರೀ, ಕೆಲ್ಸ ಇಲ್ಲೇನು?" ಅನ್ನುತ್ತಾರಂತೆ. ಕುರ್ಚಿಗೆ ಅಂಟಿಕೊಂಡವನೇ ಕೆಲಸಗಾರ ಅನ್ನುವ ಲೆಕ್ಕ!

ಹಾಗಂತ ದಿನವಿಡೀ ನಿಲ್ಲಿಸಿದರೆ ಆರೋಗ್ಯ ಅಂತಲ್ಲ. ನನ್ನ ಎಡ ಮೀನಖಂಡದಲ್ಲಿ ನರ ಉಬ್ಬಿ ಹುರಿಗಟ್ಟಿದೆ, ವೆರಿಕೋಸ್ ಅಂದರು ಡಾಕ್ಟರು. ಸೀರೆ ಅಂಗಡಿಗಳಲ್ಲಿ ಬೆಳಗಿಂದ ರಾತ್ರಿವರೆಗೆ ನಿಂತೇ ಇರುವ ಹುಡುಗಿಯರಿಗೆ ಮೊದಲು ಒಂದು ಸ್ಟೂಲ್ ಬೇಕು. ಕೂತವರು ಆಗಾಗ ಏಳಬೇಕು, ನಿಂತವರಿಗೆ ಕೂರಲು ಬಿಡಬೇಕು, ಅಷ್ಟೇ.

ಬಸ್ಸಿನಲ್ಲೂ ಕಾಲ ಬದಲಾಗಿದೆ. ಕೆಲವು ಬಸ್ಸಿನಲ್ಲಿ ಡ್ರೈವರೇ ಕಂಡಕ್ಟರ್. ತಡೆರಹಿತ ಬಸ್ಸಿನಲ್ಲಿ ಟಿಕೆಟ್ ಕೊಟ್ಟು ಮುಗಿದರೆ ಕಂಡಕ್ಟರೂ ಕೂತುಬಿಡುತ್ತಾನೆ. ಶಕ್ತಿ ಯೋಜನೆ ಬಂದು ರಶ್ ಜಾಸ್ತಿಯಾಯಿತು ಅಂತ ಹುಡುಗರು ಗೊಣಗಿದರೆ, ನಿಮ್ಮ ಹಾರ್ಟಿಗೆ ಒಳ್ಳೇದೇ ಬಿಡ್ರೋ ಅನ್ನುತ್ತೇನೆ. ಅವರಿಗೆ ಸಿಟ್ಟು ಬರುತ್ತದೆ.

ಇನ್ನು ಮುಂದೆ ಆರೋಗ್ಯ ಪುಟದಲ್ಲಿ ಮ್ಯಾನೇಜರ್‌ಗಳಿಗೂ ಅಂಗಡಿ ಮಾಲೀಕರಿಗೂ ನಾಲ್ಕು ಮಾತು ಬರೆಯಿರಿ. ಬಸ್ಸಿನ ಟೈಮಿಂಗ್ ಹಾಕುವ ಸಾಹೇಬರಿಗೂ ಬರೆಯಿರಿ. ಪ್ರತಿ ಟ್ರಿಪ್ಪಿನ ಕೊನೆಗೆ ಡ್ರೈವರ್ ಕೆಳಗಿಳಿದು ಸ್ಟ್ಯಾಂಡಿನಲ್ಲಿ ಎರಡು ಸುತ್ತು ಹಾಕುವಷ್ಟು ಬಿಡುವು ಶೆಡ್ಯೂಲಿನಲ್ಲೇ ಇರಲಿ. ಬಸ್ ಲೇಟಾದ ದಿನ ಆ ಬಿಡುವನ್ನೇ ಮೊದಲು ಕತ್ತರಿಸಬೇಡಿ ಅಂತಲೂ ಸೇರಿಸಿ.

– ನಿವೃತ್ತ ಕಂಡಕ್ಟರ್, ನವನಗರ, ಬಾಗಲಕೋಟೆ