ಒಂಬತ್ತನೇ ಕ್ಲಾಸಿನ ಪೋಷಕರಿಗೆ: ದಿನಕ್ಕೊಂದು ಇಂಗ್ಲಿಷ್ ಪದ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ದಿನಾ ಸಂಜೆ 7ಕ್ಕೆ ಇಲ್ಲಿ ಒಂದೇ ಒಂದು ಇಂಗ್ಲಿಷ್ ಪದ ಹಾಕುತ್ತೇನೆ. ಅರ್ಥ ಬಾಯಿಪಾಠ ಬೇಡ. ಮನೆಯಲ್ಲೋ ತೋಟದಲ್ಲೋ ಕಂಡದ್ದರ ಬಗ್ಗೆ ಆ ಪದ ಬಳಸಿ ಮಕ್ಕಳು ಎರಡು ವಾಕ್ಯ ಬರೆಯಲಿ. ಮರುದಿನ ಬೆಳಿಗ್ಗೆ 8ರೊಳಗೆ ಫೋಟೋ ನನಗೆ ಕಳಿಸಿ, ಗುಂಪಿಗೆ ಬೇಡ.

ಮೊದಲ ಪದ 'ಪಿಕ್'. ಕಾಫಿ ಹಣ್ಣು ಕೊಯ್ಯುವುದೂ ಪಿಕ್ಕೇ. ಬಸ್‌ಸ್ಟ್ಯಾಂಡಿನಿಂದ ಅಜ್ಜಿಯನ್ನು ಕರೆತಂದರೆ 'ಪಿಕ್ ಅಪ್'. ಕಾಲು ಕೆರೆದು ಜಗಳಕ್ಕೆ ಹೋದರೆ 'ಪಿಕ್ ಎ ಫೈಟ್'. ಒಬ್ಬ ಹುಡುಗ ಡಿಕ್ಷನರಿ ನೋಡಿ ಬರೀ 'ಪಿಕಾಸಿ' ಅಂತ ಬರೆದಿದ್ದ! ತಪ್ಪೇನಲ್ಲ, ಆದರೆ ಅಜ್ಜಿಯ ವಾಕ್ಯಕ್ಕೆ ಹೊಂದಬೇಕಲ್ವಾ?

ಕೊಯ್ಲಿನ ಗಡಿಬಿಡಿ, ನೆಟ್‌ವರ್ಕೂ ಕೈಕೊಡುತ್ತದೆ, ಗೊತ್ತು. ತಡವಾದರೂ ಪರವಾಗಿಲ್ಲ. ಗೂಗಲ್‌ನಿಂದ ಇಳಿಸಿದ ವಾಕ್ಯ ಮಾತ್ರ ಬೇಡ. ಸೇರುವವರು ಭಾನುವಾರದೊಳಗೆ 'ಹೂಂ' ಅಂತ ತಿಳಿಸಿ.